ಆ ವಿಶೇಷಣವನ್ನು ನಾನು ತೆಗೆಯುವುದಿಲ್ಲ

ನಮಸ್ಕಾರ. ಕಳೆದ ಕಂತಿನಲ್ಲಿ ನಾನು ಸರ್ ಮುಹಮ್ಮದ್ ಜಫರುಲ್ಲಾ ಖಾನ್ ಅವರನ್ನು ‘ಧರ್ಮನಿಷ್ಠ ಮುಸ್ಲಿಂ’ ಎಂದು ಕರೆದಿದ್ದೆ. ಅದನ್ನು ಕೇಳಿದವರೊಬ್ಬರು, ‘ಅವರ ದೇಶವೇ ಅವರನ್ನು ಮುಸ್ಲಿಮರಲ್ಲ ಎಂದಿರುವಾಗ ಹಾಗೆನ್ನಲು ನೀವು ಯಾರು? ತಿದ್ದಿಕೊಳ್ಳಿ’ ಎಂದು ಬರೆದಿದ್ದಾರೆ. ನಾನು ತಿದ್ದಿಕೊಳ್ಳುವುದಿಲ್ಲ. ತನ್ನ ಧರ್ಮ ಯಾವುದೆಂದು ಹೇಳುವ ಹಕ್ಕು ಆಯಾ ಮನುಷ್ಯನದೇ. ಅದನ್ನು ಯಾವ ಸಂಸತ್ತೂ ಮತಕ್ಕೆ ಹಾಕುವಂತಿಲ್ಲ.

1893ರಲ್ಲಿ ಸಿಯಾಲ್‌ಕೋಟ್‌ನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಕಾನೂನು ಓದಿ, ಅವಿಭಜಿತ ಭಾರತದ ಫೆಡರಲ್ ಕೋರ್ಟಿನ ನ್ಯಾಯಾಧೀಶರಾಗಿದ್ದ ಇವರು 1947ರ ಡಿಸೆಂಬರಿನಲ್ಲಿ ಪಾಕಿಸ್ತಾನದ ಮೊದಲ ವಿದೇಶಾಂಗ ಸಚಿವರಾದರು. ಕಾಶ್ಮೀರದ ಬಗ್ಗೆ ಭದ್ರತಾ ಮಂಡಳಿಯಲ್ಲಿ ನಮ್ಮ ವಿರುದ್ಧ ಗಂಟೆಗಟ್ಟಲೆ ವಾದಿಸಿದವರೂ ಇವರೇ. ಆ ವಾದವನ್ನು ನಾನು ಒಪ್ಪುವುದಿಲ್ಲ. ಆದರೆ ಇವತ್ತಿನ ಮಾತು ಅದಲ್ಲ.

ಇವತ್ತಿನ ಮಾತು 1948ರ ಡಿಸೆಂಬರಿನ ಪ್ಯಾರಿಸ್ಸಿನದು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ 18ನೇ ವಿಧಿ ಧರ್ಮ ಬದಲಿಸುವ ಸ್ವಾತಂತ್ರ್ಯವನ್ನೂ ಕೊಡುತ್ತದೆಂದು ಸೌದಿ ಅರೇಬಿಯ ಆಕ್ಷೇಪಿಸಿತ್ತು. ಜಫರುಲ್ಲಾ ಅವರು, ನಂಬುವವನು ನಂಬಲಿ, ಒಲ್ಲದವನು ಬಿಡಲಿ ಎಂದು ಕುರಾನೇ ಹೇಳಿದೆಯಲ್ಲ ಎಂದು ಆ ವಿಧಿಯ ಪರವಾಗಿ ಮಾತನಾಡಿದರು. ಇದಕ್ಕಿಂತ ಧರ್ಮನಿಷ್ಠೆ ಬೇಕೆ?

ಅವರು ಅಹ್ಮದೀಯ ಪಂಥದವರು, ಅಂದರೆ ತಮ್ಮನ್ನು ಮುಸ್ಲಿಮರೆಂದೇ ಕರೆದುಕೊಂಡರೂ, ತಮ್ಮ ಪಂಥದ ಸ್ಥಾಪಕರನ್ನು ಪ್ರವಾದಿಯೆಂದು ನಂಬುವ ಕಾರಣಕ್ಕೆ ಉಳಿದ ಬಹುಪಾಲು ಮುಸ್ಲಿಮರು ಒಪ್ಪದ ಪಂಥದವರು. ಅದೊಂದೇ ಕಾರಣಕ್ಕೆ 1953ರಲ್ಲಿ, ಅವರನ್ನು ಸಂಪುಟದಿಂದ ತೆಗೆಯಬೇಕೆಂಬ ಕೂಗು ದಂಗೆಯಾಗಿ, ಲಾಹೋರಿನಲ್ಲಿ ಸೇನಾಡಳಿತ ಹೇರಬೇಕಾಯಿತು. 1974ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು ಅಹ್ಮದೀಯರು ಮುಸ್ಲಿಮರೇ ಅಲ್ಲವೆಂದರು. 1984ರ ಸುಗ್ರೀವಾಜ್ಞೆಯಂತೂ, ಅಹ್ಮದೀಯನೊಬ್ಬ ತನ್ನನ್ನು ಮುಸ್ಲಿಂ ಎಂದುಕೊಂಡರೆ ಮೂರು ವರ್ಷದವರೆಗೆ ಜೈಲು ಎಂದಿತು. ಆಗ ಅವರಿಗೆ 91 ವರ್ಷ! ಕುರಾನನ್ನು ಇಂಗ್ಲಿಷಿಗೆ ಅನುವಾದಿಸಿದ ಮುದುಕರ ಧರ್ಮವನ್ನು ಸಂಸತ್ತು ತೀರ್ಮಾನಿಸಬೇಕಿತ್ತೆ?

‘ಜಿನ್ನಾ ಅವರ ಅಂತ್ಯಸಂಸ್ಕಾರದ ಪ್ರಾರ್ಥನೆಗೇ ಅವರು ಸೇರಲಿಲ್ಲ’ ಎಂಬ ಹಳೆಯ ದೂರನ್ನೂ ಈ ಕೇಳುಗರು ಎತ್ತಿದ್ದಾರೆ. ಆ ಪ್ರಾರ್ಥನೆ ನಡೆಸಿದ ಮೌಲಾನಾ ಶಬ್ಬೀರ್ ಅಹ್ಮದ್ ಉಸ್ಮಾನಿ ಅಹ್ಮದೀಯರನ್ನು ಧರ್ಮಭ್ರಷ್ಟರೆಂದು ಬರೆದವರು. ನಿನ್ನನ್ನು ಧರ್ಮದಿಂದಲೇ ಹೊರಗಿಟ್ಟೆ ಎಂದವನ ಹಿಂದೆ ನಿಂತು ನೀವಾದರೂ ಪ್ರಾರ್ಥಿಸುತ್ತಿದ್ದಿರಾ? ಈ ಆಕ್ಷೇಪದಲ್ಲಿ ಹುರುಳಿಲ್ಲ.

ನ್ಯಾಯಾಧೀಶರಾಗಿ ಅವರು ಹೇಗಿದ್ದರು? ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾಯರು 1953ರಲ್ಲಿ ತೀರಿಕೊಂಡಾಗ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ತೆರವಾದ ಸ್ಥಾನಕ್ಕೆ ಮರುವರ್ಷ ಆಯ್ಕೆಯಾದವರು ಇವರೇ. ಮುಂದೆ 1962ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೂ 1970ರಲ್ಲಿ ಆ ನ್ಯಾಯಾಲಯಕ್ಕೂ ಅಧ್ಯಕ್ಷರಾದರು. 1966ರಲ್ಲಿ ನೈಋತ್ಯ ಆಫ್ರಿಕದ, ಅಂದರೆ ಇಂದಿನ ನಮೀಬಿಯದ, ಪ್ರಕರಣದ ಪೀಠದಲ್ಲಿ ಅವರಿರಲಿಲ್ಲ; ಮತಗಳು 7-7 ಆಗಿ, ಆಗಿನ ಅಧ್ಯಕ್ಷರ ನಿರ್ಣಾಯಕ ಮತದಿಂದ, ಅಲ್ಲಿನ ದಕ್ಷಿಣ ಆಫ್ರಿಕದ ಆಡಳಿತದ ವಿರುದ್ಧ ಇಥಿಯೋಪಿಯ ಮತ್ತು ಲೈಬೀರಿಯ ಸಲ್ಲಿಸಿದ್ದ ಅರ್ಜಿ ಬಿದ್ದುಹೋಯಿತು. ಐದು ವರ್ಷದ ಮೇಲೆ, 1971ರ ಜೂನ್ 21ರಂದು, ಅವರ ಅಧ್ಯಕ್ಷತೆಯ ಪೀಠವೇ ನಮೀಬಿಯದಲ್ಲಿ ದಕ್ಷಿಣ ಆಫ್ರಿಕದ ಆಡಳಿತ ಅಕ್ರಮವೆಂದು 13-2ರಿಂದ ಹೇಳಿತು. ಒಂದು ದೇಶವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ನಿನಗಿಲ್ಲವೆಂದು ಸರ್ಕಾರವೊಂದಕ್ಕೆ ಹೇಳಿದ ಪೀಠದ ಅಧ್ಯಕ್ಷರಿಗೆ, ಅವರ ಮನಸ್ಸಿನೊಳಗಿನದನ್ನು ಇನ್ನೊಂದು ಸರ್ಕಾರ ಹೇಳಿಕೊಡಲು ಹೊರಟಿತು. ಅದು ತಪ್ಪು. ಮತ್ತೆ ಹೇಳುತ್ತೇನೆ, ಅದು ತಪ್ಪು. ನೂರು ಮಂದಿ ಬರೆದರೂ ತಪ್ಪೇ.

ಮುಂದಿನ ಕಂತಿನಲ್ಲಿ ನಮೀಬಿಯ ಪ್ರಕರಣವನ್ನು ಪೂರ್ತಿಯಾಗಿ ಹೇಳುತ್ತೇನೆ. ಚಾನೆಲ್ಲಿಗೆ ಚಂದಾದಾರರಾಗದವರು ದಯವಿಟ್ಟು ಆಗಿರಿ. ಅದರ ಶೀರ್ಷಿಕೆಯಲ್ಲೂ ‘ಧರ್ಮನಿಷ್ಠ ಮುಸ್ಲಿಂ’ ಎಂದೇ ಇರುತ್ತದೆ.