ದಾಳಿಂಬೆಯ ಬಣ್ಣ: ಅಂಕಿತ ಅಳಿಸಿದ ಒಂದು ಚಿತ್ರ

ಕೇಳುಗರಿಗೆ ನಮಸ್ಕಾರ.

ಕಣ್ಣಿಗೆಂದೇ ಮಾಡಿದ, ಮಾತು ಇಲ್ಲವೆನ್ನುವಷ್ಟು ಕಡಿಮೆಯಿರುವ ಚಿತ್ರವೊಂದನ್ನು ಕಿವಿಗೆ ತಲುಪಿಸುವ ಕೆಲಸ ಇಂದು ನನ್ನ ಪಾಲಿಗೆ ಬಂದಿದೆ. ಸೆರ್ಗೈ ಪರಾಜನೋವ್ ಸೋವಿಯತ್ ಆರ್ಮೇನಿಯಾದಲ್ಲಿ ನಿರ್ದೇಶಿಸಿದ, 1969ರ ‘ದಾಳಿಂಬೆಯ ಬಣ್ಣ’ ಹದಿನೆಂಟನೆಯ ಶತಮಾನದ ಕವಿ ಸಯಾತ್ ನೋವಾನನ್ನು ಕುರಿತದ್ದು. ಕಮಾಂಚ ವಾದ್ಯ ನುಡಿಸುತ್ತ ಆರ್ಮೇನಿಯನ್, ಜಾರ್ಜಿಯನ್, ಅಜರ್‌ಬೈಜಾನಿ ಭಾಷೆಗಳಲ್ಲಿ ಹಾಡು ಕಟ್ಟಿದ ಈ ಆಶುಗ್, ಅಂದರೆ ಹಾಡುಗವಿ, ಜಾರ್ಜಿಯಾದ ದೊರೆ ಎರಡನೆಯ ಎರೆಕ್ಲೆಯ ಆಸ್ಥಾನದಲ್ಲಿ ಮೆರೆದು, ಅಲ್ಲಿಂದ ಹೊರಬಿದ್ದು, ಪಾದ್ರಿಯಾಗಿ, 1795ರಲ್ಲಿ ಪರ್ಷಿಯಾದ ಆಗಾ ಮೊಹಮ್ಮದ್ ಖಾನನ ಸೇನೆಗೆ ಬಲಿಯಾದ.

ಇದಾವುದೂ ಚಿತ್ರದಲ್ಲಿ ಕಥೆಯಾಗಿ ಬರುವುದಿಲ್ಲ. ಬಿಳಿಯ ಬಟ್ಟೆಯ ಮೇಲೆ ಮೂರು ದಾಳಿಂಬೆಗಳಿಂದ ಕೆಂಪು ರಸ ಹರಡುತ್ತದೆ. ಬಣ್ಣದ ಕಡಾಯಿಯಿಂದೆತ್ತಿದ ಉಣ್ಣೆಯ ಲಡಿಗಳು ತಟ್ಟೆಗಳ ಮೇಲೆ ತೊಟ್ಟಿಕ್ಕುತ್ತವೆ. ಮಳೆಗೆ ನೆಂದ ಹೊತ್ತಗೆಗಳನ್ನು ಮಠದ ಚಾವಣಿಯ ಮೇಲೆ ಹರವಿ ಒಣಗಿಸಿರುವಾಗ ಅವುಗಳ ನಡುವೆ ಬಾಲಕನೊಬ್ಬ ಮಲಗಿದ್ದಾನೆ. ಗಾಳಿಗೆ ಪುಟಗಳು ತಾವಾಗಿ ಮಗುಚಿಕೊಳ್ಳುತ್ತವೆ. ಕವಿಯೊಬ್ಬ ಹುಟ್ಟುವ ಬಗೆಯನ್ನು ಇಷ್ಟು ಸರಳವಾಗಿ ಹೇಳಿದ ಇನ್ನೊಂದು ದೃಶ್ಯವನ್ನು ನಾನು ಕಂಡಿಲ್ಲ. ಕ್ಯಾಮೆರಾ ಬಹುಮಟ್ಟಿಗೆ ಕದಲದೆ ನಿಲ್ಲುವುದರಿಂದ, ಪ್ರತಿಯೊಂದು ದೃಶ್ಯವೂ ಆರ್ಮೇನಿಯಾದ ಹಳೆಯ ಹಸ್ತಪ್ರತಿಗಳಲ್ಲಿನ ಚಿತ್ತಾರದ ಪುಟದಂತೆ ಚಪ್ಪಟೆಯಾಗಿ, ನಮ್ಮನ್ನೇ ದಿಟ್ಟಿಸುತ್ತ ತೆರೆದುಕೊಳ್ಳುತ್ತದೆ. ತರುಣ ಕವಿಯ ಪಾತ್ರವನ್ನೂ ಅವನ ಪ್ರೇಯಸಿಯ ಪಾತ್ರವನ್ನೂ ಜಾರ್ಜಿಯಾದ ನಟಿ ಸೋಫಿಕೊ ಚಿಯಾವುರೇಲಿ ಒಬ್ಬರೇ ವಹಿಸಿದ್ದಾರೆ. ಕಸೂತಿಯ ಜಾಲರಿಯ ಹಿಂದೆ ಒಮ್ಮೆ ಅವನು, ಒಮ್ಮೆ ಅವಳು, ಮುಖ ಮಾತ್ರ ಒಂದೇ.

ಅಧಿಕಾರಿಗಳಿಗೆ ಇದು ಹಿಡಿಸಲಿಲ್ಲ. ಕವಿಯ ಜೀವನವನ್ನು ಜನರಿಗೆ ತಿಳಿಸಿಕೊಡದ ಚಿತ್ರಕ್ಕೆ ಕವಿಯ ಹೆಸರೇಕೆಂದು ಆಕ್ಷೇಪಿಸಿ, ‘ಸಯಾತ್ ನೋವಾ’ ಎಂದಿದ್ದ ಶೀರ್ಷಿಕೆಯನ್ನು ಬದಲಿಸಿದರು. ಅಧ್ಯಾಯಗಳ ತಲೆಬರಹಗಳಿಂದಲೂ ಆ ಹೆಸರನ್ನು ತೆಗೆಸಿದರು. ನಮ್ಮ ದಾಸರು ಇಷ್ಟದೈವದ ಅಂಕಿತವಿಟ್ಟು ಪದ ಮುಗಿಸಿದರೆ, ಆಶುಗ್‌ಗಳು ಹಾಡಿನ ಕೊನೆಯ ನುಡಿಯಲ್ಲಿ ತಮ್ಮದೇ ಹೆಸರನ್ನು ಹೆಣೆಯುತ್ತಾರೆ. ಹಾಗೆ ಹಾಡಿಹಾಡಿ ಹೆಸರನ್ನು ಉಳಿಸಿಕೊಂಡವನ ಅಂಕಿತವನ್ನೇ ಅಳಿಸಿದ್ದು ಇಲ್ಲಿನ ವಿಪರ್ಯಾಸ. ಆಮೇಲೆ ಇನ್ನೊಬ್ಬ ಸೋವಿಯತ್ ನಿರ್ದೇಶಕ ಸೆರ್ಗೈ ಯುಟ್ಕೆವಿಚ್ ಚಿತ್ರವನ್ನು ಮತ್ತೆ ಸಂಕಲಿಸಿದರು. ಪರಾಜನೋವ್ 1973ರಲ್ಲಿ ಸೆರೆಮನೆ ಸೇರಿದರು. ಅವರು ತೀರಿಕೊಂಡು ಇಪ್ಪತ್ತನಾಲ್ಕು ವರ್ಷಗಳ ಮೇಲೆ, 2014ರಲ್ಲಿ, ಪುನರುಜ್ಜೀವಿತ ಪ್ರತಿ ಕಾನ್ ಚಿತ್ರೋತ್ಸವದಲ್ಲಿ ತೆರೆ ಕಂಡಾಗ, ದಾಳಿಂಬೆಯ ಕೆಂಪು ಮತ್ತೆ ಕೆಂಪಾಗಿಯೇ ಕಾಣಿಸಿತು.