12 ಪೈಸೆ ಆಸೆಗೆ ಕಾದೆ, ಅಮ್ಮ ಬ್ಯಾಂಕಿಗೆ ಓಡಿದ್ರು | ದುಬೈ ವ್ಲಾಗ್

ನಮಸ್ಕಾರ, ಎಲ್ಲರೂ ಆರಾಮಾ? ಇವತ್ತು 1ನೇ ತಾರೀಕು. ಡ್ಯೂಟಿ ಮುಗಿಸಿ ಸೀದಾ ಇಲ್ಲಿಗೇ ಬಂದೆ. ಈ ಶಾಟ್ ಬರ್ ದುಬೈ ದಡದ್ದು, ಅಬ್ರಾ ಅಂದ್ರೆ ಇಲ್ಲಿ ದಡ ದಾಟಿಸುವ ದೋಣಿ, ಅದನ್ನು ಹತ್ತಿ ಎದುರು ದಡದ ದೇರಾ ಕಡೆಗೆ ಹೋಗ್ತಾ ಇದ್ದೇವೆ. ಊರಿಗೆ ದುಡ್ಡು ಕಳಿಸುವ ದಿನ. ಆ್ಯಪ್‌ನಲ್ಲಿ ಕೂತಲ್ಲೇ ಕಳಿಸಬಹುದು, ಗೊತ್ತು. ಆದ್ರೆ ದುಡ್ಡು ಕಳಿಸುವ ಎರಡು ಎಕ್ಸ್‌ಚೇಂಜ್ ಕೌಂಟರ್‌ಗಳ ರೇಟ್ ಪಕ್ಕಪಕ್ಕ ಇಟ್ಟು ನೋಡ್ಬೇಕಿತ್ತು.

ಈ ನಾಣ್ಯ ನೋಡಿ, ಒಂದು ದಿರ್ಹಮ್. ಅಬ್ರಾಕ್ಕೆ ಇಷ್ಟೇ. 2012ರಲ್ಲಿ ನಾನು ಬಂದಾಗಲೂ ಒಂದೇ ದಿರ್ಹಮ್. ಆಗ ಅದು ನಮ್ಮ ಲೆಕ್ಕದಲ್ಲಿ 15 ರೂಪಾಯಿ ಆಸುಪಾಸು, ಈಗ 24 ದಾಟಿದೆ. ಮೊದಲ ವರ್ಷ ಎಲ್ಲವನ್ನೂ ರೂಪಾಯಿಗೆ ಗುಣಿಸಿ ಗುಣಿಸಿ ಚಾ ಕುಡಿಯುವುದಕ್ಕೂ ಹೆದರ್ತಿದ್ದೆ. ಹೊಸದಾಗಿ ಬಂದವರಿಗೆ ಹೇಳ್ತೇನೆ, ಅದನ್ನು ಬಿಡಿ. ಇಲ್ಲಿ ದುಡಿದು ಇಲ್ಲಿ ತಿನ್ನುವ ದುಡ್ಡಿಗೆ ರೂಪಾಯಿ ರೇಟಿನ ಸಂಬಂಧವೇ ಇಲ್ಲ.

ಒಂದು ವಿಷಯ ಗೊತ್ತುಂಟಾ? ಈ ನೀರಿನ ಎರಡೂ ದಡದಲ್ಲಿ ಒಂದು ಕಾಲಕ್ಕೆ ನಮ್ಮ ರೂಪಾಯಿಯೇ ಓಡ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕ್ ಈ ಕಡೆಗೆ ಅಂತಲೇ ಬೇರೆ ನೋಟು ಮಾಡ್ತು, ಗಲ್ಫ್ ರೂಪಾಯಿ. 1966ರ ಜೂನ್ 6ಕ್ಕೆ ಭಾರತ ಸರ್ಕಾರ ರೂಪಾಯಿ ಮೌಲ್ಯ ಇಳಿಸಿತು. ಡಾಲರ್‌ಗೆ 4.76 ಇದ್ದದ್ದು ಒಂದೇ ಸಲಕ್ಕೆ 7.50. ಇಲ್ಲಿನ ವ್ಯಾಪಾರಿಗಳ ಕೈಯಲ್ಲಿದ್ದ ನೋಟು ಬೆಳಗಾಗುವಷ್ಟರಲ್ಲಿ ಹಗುರ ಆಯ್ತು. ಮತ್ತೆ ರೂಪಾಯಿ ಇಟ್ಟುಕೊಳ್ತಾರಾ? ದುಬೈ ಆ ವರ್ಷವೇ ಬಿಟ್ಟಿತು. ದಿರ್ಹಮ್ ಬಂದದ್ದು 1973ರಲ್ಲಿ. ಈ ಕಥೆ ಕೇಳಿದ ದಿನ ನನಗೆ ನಿಜವಾಗಿ ಬೇಜಾರಾಗಿತ್ತು.

ಸರಿ, ದೇರಾ ಬಂತು.

ಇದು ಎಕ್ಸ್‌ಚೇಂಜಿನ ರೇಟ್ ಬೋರ್ಡು, ಕೆಂಪು ಅಕ್ಷರದಲ್ಲಿ ಓಡ್ತಾ ಇರುವುದು. ಒಳಗೆ ಕ್ಯಾಮೆರಾ ಬಿಡಲ್ಲ, ಹಾಗಾಗಿ ಹೊರಗಿಂದ ತೆಗೆದದ್ದು. ಈ ಬೋರ್ಡ್ ನೋಡುವಾಗ ಹೋದ ತಿಂಗಳ ಕಥೆ ಹೇಳದೆ ಆಗಲ್ಲ.

28ಕ್ಕೆ ಸಂಬಳ ಆಯ್ತು. ಆವತ್ತು ರೇಟ್ 24.21. ಕಳಿಸ್ಬೇಕಿತ್ತು, ಕಳಿಸ್ಲಿಲ್ಲ. ರೂಮಿನಲ್ಲಿ ಎಲ್ಲರೂ "ಇನ್ನೂ ಏರ್ತದೆ, ಕಾಯಿ" ಅಂದ್ರು. 2ನೇ ತಾರೀಕು 24.33 ಆಯ್ತು. 12 ಪೈಸೆ! ನಾನು ಕಳಿಸುವುದು 3,000 ದಿರ್ಹಮ್, ಅಂದ್ರೆ 360 ರೂಪಾಯಿ ಹೆಚ್ಚು. ಆಗಲಾದ್ರೂ ಕಳಿಸ್ಬೇಕಲ್ಲ? 24.40 ಆಗ್ಲಿ ಅಂತ ಕೂತೆ. ಫೋನಲ್ಲಿ ಅಲಾರಂ ಬೇರೆ ಇಟ್ಟಿದ್ದೆ, ರೇಟ್ ಏರಿದ್ರೆ ಟಿಣ್ ಅಂತದೆ. ಗೋಡೌನ್‌ನಲ್ಲಿ ಲೋಡ್ ಇಳಿಸುವಾಗಲೂ ಕಿವಿ ಫೋನಿನ ಮೇಲೆ. 4ಕ್ಕೆ ಇಳೀತು. 5ಕ್ಕೆ ಇನ್ನೂ ಇಳೀತು. 6ಕ್ಕೆ 24.24ರಲ್ಲಿ ಕಳಿಸಿ ಕೈ ತೊಳೆದುಕೊಂಡೆ.

ಮನೆ ಲೋನಿನ ಕಂತು ಊರಿನ ಖಾತೆಯಿಂದ 5ಕ್ಕೆ ಕಟ್ ಆಗ್ತದೆ. ಖಾತೆಯಲ್ಲಿ ದುಡ್ಡು ಇರಲಿಲ್ಲ.

ಸಂಜೆ ಅಮ್ಮನ ವಾಯ್ಸ್ ಮೆಸೇಜ್. "ಮಗಾ, ಬ್ಯಾಂಕಿಂದ ಫೋನ್ ಬಂದಿತ್, ಕಂತು ಹೋಯ್ಲಿಲ್ಲ ಅಂಬ್ರ್." ಮರುದಿನ ಬೆಳಿಗ್ಗೆ ನಾನು ಎದ್ದು ಫೋನ್ ಮಾಡುವಷ್ಟರಲ್ಲಿ ಅವರು ಬಸ್ಸು ಹತ್ತಿ ಕುಂದಾಪುರಕ್ಕೆ ಹೋಗಿ ಆಗಿತ್ತು, ಮಂಡಿನೋವು ಇಟ್ಟುಕೊಂಡು. ಕೈಯಲ್ಲಿ ಪಾಸ್‌ಬುಕ್. ಅಪ್ಪ ಇದ್ದಾಗ ಒಂದು ಕಂತೂ ತಪ್ಪಿಸಿದವರಲ್ಲ, ಅದು ಅಮ್ಮನಿಗೆ ಮರ್ಯಾದೆ ವಿಷಯ. ಕೌಂಟರಿನಲ್ಲಿದ್ದವರು ಏನೂ ಜೋರು ಮಾಡಿಲ್ಲ ಪಾಪ. ಆದ್ರೂ ಅಮ್ಮ ಅಲ್ಲಿ ಹೋಗಿ ನಿಂತದ್ದು ನನ್ನಿಂದ.

ಬೌನ್ಸ್ ಚಾರ್ಜ್ 500, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 90. ಒಟ್ಟು 590 ರೂಪಾಯಿ. ನಾನು ಒಂಬತ್ತು ದಿನ ಕಾದು ಗಳಿಸಿದ್ದು ಮೂರು ಪೈಸೆ, ಮೂರು ಸಾವಿರಕ್ಕೆ 90 ರೂಪಾಯಿ. ಆ ಜಿಎಸ್‌ಟಿಗೆ ಸರಿಹೋಯ್ತು. ಇಷ್ಟು ದಿನ ಆದ್ರೂ ಅದು ತಲೆಯಿಂದ ಹೋಗ್ತಿಲ್ಲ ಮಾರಾಯ್ರೆ.

ಹಾಗಾದ್ರೆ ಈ ರೇಟ್ ಯಾಕೆ ಹೀಗೆ ಕುಣಿಯುವುದು? ಮೊದಲು ಒಂದು ತಿಳ್ಕೊಳ್ಳಿ, ದಿರ್ಹಮ್ ಅಲ್ಲಾಡುವುದೇ ಇಲ್ಲ. 1997ರಿಂದ ಒಂದು ಡಾಲರ್‌ಗೆ 3.6725 ದಿರ್ಹಮ್ ಅಂತ ಕಟ್ಟಿಹಾಕಿದ್ದಾರೆ. ಅಲ್ಲಾಡುವುದು ಡಾಲರ್ ಎದುರು ನಮ್ಮ ರೂಪಾಯಿ. ಡಾಲರ್ 90 ರೂಪಾಯಿ ಆದ್ರೆ ದಿರ್ಹಮ್ ಇಪ್ಪತ್ತನಾಲ್ಕೂವರೆ, ಅಷ್ಟೇ ಲೆಕ್ಕ. ಲಂಡನ್‌ನಲ್ಲಿ ಇರುವವರಿಗೆ ಕಷ್ಟ ಜಾಸ್ತಿ, ಅಲ್ಲಿ ಪೌಂಡೂ ಅಲ್ಲಾಡ್ತದೆ, ರೂಪಾಯಿಯೂ ಅಲ್ಲಾಡ್ತದೆ.

ನನಗೆ ಇದು ಅರ್ಥ ಆದದ್ದು ಗಂಗೊಳ್ಳಿ ಬಂದರು ನೆನೆಸಿಕೊಂಡಾಗ. ಬೋಟು ತುಂಬಾ ಬಂಗುಡೆ ಬಂದ ದಿನ ರೇಟ್ ಬಿತ್ತು. ಜೂನ್ 1ರಿಂದ ಜುಲೈ ಕೊನೆವರೆಗೆ ಟ್ರಾಲಿಂಗ್ ಬಂದ್, ಆಗ ಅದೇ ಬಂಗುಡೆಗೆ ಬಂಗಾರದ ಬೆಲೆ. ಡಾಲರನ್ನೂ ಮೀನು ಅಂತ ಇಟ್ಟುಕೊಳ್ಳಿ. ಸಾಫ್ಟ್‌ವೇರ್ ಕಂಪನಿಗಳು ತರುವ ಡಾಲರ್, ಶೇರಿಗೆ ಬರುವ ವಿದೇಶಿ ದುಡ್ಡು, ನಾವು ಕಳಿಸುವುದು, ಇದೆಲ್ಲ ಬೋಟಿನಲ್ಲಿ ಬಂದ ಮೀನು. ಕೊಳ್ಳುವವರಲ್ಲಿ ದೊಡ್ಡವರು ತೈಲ ಕಂಪನಿಗಳು. ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ 85 ಪರ್ಸೆಂಟಿಗಿಂತ ಹೆಚ್ಚು ಹೊರಗಿಂದ ಬರ್ಬೇಕು, ಬಹುಪಾಲು ಡಾಲರ್‌ನಲ್ಲೇ ಕೊಳ್ಳಬೇಕು. ಮತ್ತೆ ಚಿನ್ನ. ಮತ್ತೆ ಶೇರು ಮಾರಿ ದುಡ್ಡು ವಾಪಸ್ ಒಯ್ಯುವ ವಿದೇಶಿಯರು, ಅವರಿಗೂ ಹೋಗುವಾಗ ಡಾಲರೇ ಬೇಕು. ರಿಸರ್ವ್ ಬ್ಯಾಂಕ್ ಹತ್ತಿರ ಕೋಲ್ಡ್ ಸ್ಟೋರೇಜ್ ಉಂಟು. ಬೆಲೆ ತೀರಾ ಏರಿದ್ರೆ ಅಲ್ಲಿಂದ ತೆಗೆದು ಮಾರ್ತದೆ, ಬಿದ್ದಾಗ ಕೊಂಡು ತುಂಬಿಸ್ತದೆ. ಈಗ ಹೇಳಿ, ನಾಳೆ ಎಷ್ಟು ಬೋಟು ಬರ್ತದೆ ಅಂತ ನಮ್ಮ ರೂಮಿನಲ್ಲಿ ಕೂತವರಿಗೆ ಹೇಗೆ ಗೊತ್ತಾಗ್ಬೇಕು?

2013 ನೆನಪಿದೆಯಾ? ಮೇ ತಿಂಗಳಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಿನ ಬರ್ನಾಂಕೆ, ಬಾಂಡ್ ಖರೀದಿ ಕಡಿಮೆ ಮಾಡಬಹುದು ಅಂತ ಒಂದು ಮಾತು ಹೇಳಿದ್ರು. ಅಂದ್ರೆ ಬೋಟಿನಲ್ಲಿ ಬರುವ ಮೀನು ಕಡಿಮೆ. ಅಷ್ಟಕ್ಕೇ 55ರ ಹತ್ತಿರ ಇದ್ದ ಡಾಲರ್ ಆಗಸ್ಟ್ ಕೊನೆಗೆ 68 ದಾಟ್ತು. ಇಲ್ಲಿ ಎಕ್ಸ್‌ಚೇಂಜ್ ಎದುರು ಜಾತ್ರೆ. ನನ್ನ ರೂಮಿನ ಒಬ್ಬ ಅಣ್ಣ ಕ್ರೆಡಿಟ್ ಕಾರ್ಡಿನಿಂದ 20,000 ದಿರ್ಹಮ್ ತೆಗೆದು 18ರ ರೇಟಿಗೆ ಕಳಿಸಿದ್ರು. ಅಕ್ಟೋಬರಿಗೆ ರೇಟ್ 17ರ ಒಳಗೆ ಬಂತು, ಅಂದ್ರೆ ಅವರ ಅಂದಾಜು ಸರಿಯೇ ಇತ್ತು. ಉಳಿತಾಯ ಸುಮಾರು 25,000 ರೂಪಾಯಿ. ಆದ್ರೆ ಕಾರ್ಡಿನ ಬಡ್ಡಿ ತಿಂಗಳಿಗೆ 3 ಪರ್ಸೆಂಟ್, 600 ದಿರ್ಹಮ್. ಮೂರು ತಿಂಗಳೊಳಗೆ ಲಾಭ ಪೂರ್ತಿ ಹೋಯ್ತು, ಸಾಲ ತೀರುವಾಗ ಒಂದೂವರೆ ವರ್ಷ. ಸಾಲ ಮಾಡಿ ರೇಟಿನ ಹಿಂದೆ ಹೋಗ್ಬೇಡಿ, ಇದು ಮಾತ್ರ ಗಟ್ಟಿಯಾಗಿ ಹೇಳ್ತೇನೆ.

"ರೇಟ್ ಏರಿದೆ, ನಿಮಗೆ ಲಾಭ" ಅಂತ ಊರಲ್ಲಿ ಎಲ್ಲರೂ ಹೇಳ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. 2014ರಲ್ಲಿ ಮನೆಗೆ ಪಾಯ ಹಾಕಿದಾಗ ಮೇಸ್ತ್ರಿ ಸಂಬಳ ದಿನಕ್ಕೆ 600 ರೂಪಾಯಿ, ಆಗಿನ ರೇಟಲ್ಲಿ 36 ದಿರ್ಹಮ್. ಈ ವರ್ಷ ಹಿಂದಿನ ಚಾವಡಿ ರಿಪೇರಿಗೆ ಅದೇ ಮೇಸ್ತ್ರಿ ಬಂದ್ರು, 1,200 ರೂಪಾಯಿ. ಇವತ್ತಿನ ರೇಟಲ್ಲೂ 49 ದಿರ್ಹಮ್ ಆಗ್ತದೆ. ರೇಟ್ ಇಷ್ಟು ಏರಿದ ಮೇಲೂ ಮೇಸ್ತ್ರಿಯ ಒಂದು ದಿನದ ಕೆಲಸಕ್ಕೆ ನಾನು ಮೊದಲಿಗಿಂತ 13 ದಿರ್ಹಮ್ ಹೆಚ್ಚು ಕೊಡ್ತಾ ಇದ್ದೇನೆ. ಅವರದ್ದು ತಪ್ಪಲ್ಲ, ಅವರಿಗೂ ಅಕ್ಕಿ ಬೆಲೆ ಏರಿದೆ. ಇಷ್ಟು ವರ್ಷಗಳ ಲೆಕ್ಕ ನೋಡಿದ್ರೆ ನಮ್ಮಲ್ಲಿ ಬೆಲೆ ಏರಿಕೆ ಅಮೆರಿಕಕ್ಕಿಂತ ಜೋರು, ವರ್ಷಗಟ್ಟಲೆ ರೂಪಾಯಿ ಇಳಿಯುವುದಕ್ಕೆ ಅದೂ ದೊಡ್ಡ ಕಾರಣ.

ಹಾಗಾದ್ರೆ ತಲೆಯೇ ಕೆಡಿಸಿಕೊಳ್ಳಬಾರದಾ? ಅಬ್ರಾದಲ್ಲಿ ಹೇಳಿದ್ದು ಇಲ್ಲಿ ತಿನ್ನುವ ದುಡ್ಡಿಗೆ, ಊರಿಗೆ ಕಳಿಸುವ ದುಡ್ಡಿನ ಲೆಕ್ಕ ಬೇರೆ. ಸೈಟ್ ತಗೊಳ್ಳಲಿಕ್ಕೆ ಒಂದೇ ಸಲ ಲಕ್ಷ ದಿರ್ಹಮ್ ಕಳಿಸುವವರಿಗೆ 20 ಪೈಸೆ ಅಂದ್ರೆ 20,000 ರೂಪಾಯಿ. ಅವರು ನೋಡ್ಲೇಬೇಕು. ಊರಲ್ಲಿ ಕೂತು ಮಗನಿಗೆ ಡಾಲರ್‌ನಲ್ಲಿ ಫೀಸ್ ಕಟ್ಟುವ ಅಪ್ಪ ಅಮ್ಮ ಅಂತೂ ನಮಗಿಂತ ಹೆಚ್ಚು ನೋಡ್ಬೇಕು, ರೂಪಾಯಿ ಇಳಿದಾಗ ಏಟು ಬೀಳುವುದು ಅವರಿಗೆ. ತಿಂಗಳು ತಿಂಗಳು ಎರಡು ಮೂರು ಸಾವಿರ ಕಳಿಸುವ ನಮ್ಮಂಥವರಿಗೆ ಬೇಡ.

ನಾವು ನೋಡ್ಬೇಕಾದದ್ದು ಬೇರೆ. ಈ ಸ್ಕ್ರೀನ್‌ಶಾಟ್ ನೋಡಿ, ಗೂಗಲ್‌ನಲ್ಲಿ 24.40. ಮೊದಲ ಕೌಂಟರಿನಲ್ಲಿ 24.22, ಎದುರಿನದ್ದರಲ್ಲಿ 24.28. ಗೂಗಲ್ ತೋರಿಸುವ ರೇಟ್ ನಮ್ಮಂಥವರಿಗೆ ಕೌಂಟರಿನಲ್ಲಿ ಸಾಮಾನ್ಯವಾಗಿ ಸಿಗಲ್ಲ, ಮಧ್ಯದ ಪೈಸೆ ಅವರ ಲಾಭ. ರಸ್ತೆ ದಾಟಿದ್ದಕ್ಕೆ ನನಗೆ 180 ರೂಪಾಯಿ ಉಳೀತು, ಯಾವ ಕಾಯುವಿಕೆಯೂ ಇಲ್ಲದೆ. ಮತ್ತೆ ಫೀ 25 ದಿರ್ಹಮ್, ಅಂದ್ರೆ 600 ರೂಪಾಯಿ. ನಾನು ಕೊಟ್ಟ ಕಡೆ 500 ಕಳಿಸಿದ್ರೂ ಅಷ್ಟೇ, 3,000 ಕಳಿಸಿದ್ರೂ ಅಷ್ಟೇ. ವಾರ ವಾರ ಸ್ವಲ್ಪ ಸ್ವಲ್ಪ ಕಳಿಸುವ ಹುಡುಗರು ತಿಂಗಳಿಗೆ ನಾಲ್ಕು ಫೀ ಕೊಡ್ತಾ ಇದ್ದಾರೆ, ಅದನ್ನು ನೋಡಿದ್ರೆ ಸಂಕಟ ಆಗ್ತದೆ. "ಎಲ್ಲ ಕಳೆದು ಊರಿನ ಖಾತೆಗೆ ಎಷ್ಟು ಬೀಳ್ತದೆ" ಅಂತ ಕೇಳಿ. ಬೋರ್ಡ್ ನೋಡ್ಬೇಡಿ, ಆ ಒಂದು ಸಂಖ್ಯೆ ಕೇಳಿ.

ಇದು ರಸೀದಿ, ಹೆಸರು ನಂಬರ್ ಮುಚ್ಚಿದ್ದೇನೆ. ಅಲಾರಂ ತೆಗೆದು ಹಾಕಿದೆ, ಸ್ಕ್ರೀನಲ್ಲಿ ಕಾಣ್ತಾ ಉಂಟಲ್ಲ? ಇನ್ನು ಪ್ರತಿ ತಿಂಗಳು 1ನೇ ತಾರೀಕಿಗೇ ಕಳಿಸುವುದು, ರೇಟ್ ಎಷ್ಟಾದ್ರೂ ಇರ್ಲಿ.

ವಾಪಸ್ ಬೋಟಿನಲ್ಲಿ ಕೂತಾಗ ಅಮ್ಮನ ಮೆಸೇಜ್ ಬಂತು, "ದುಡ್ ಬಂತ್ ಮಗಾ." ಇಷ್ಟು ಬೇಗ ಬಂದದ್ದು ನೋಡಿ ಅವರಿಗೇ ಆಶ್ಚರ್ಯ. ಹಾಂ, ದಡ ಬಂತು, ಇಳಿಯುವಾಗ ಎಲ್ಲರೂ ಒಟ್ಟಿಗೇ ನೂಕ್ತಾರೆ, ಕ್ಯಾಮೆರಾ ಒಳಗೆ ಇಡ್ತೇನೆ.