ಗಿರವಿ ಚೀಟಿಯಲ್ಲಿ ಏನು ಬರೆದಿದೆ?

ಎಲ್ಲರಿಗೂ ನಮಸ್ಕಾರ.

ಕಾನೂನಿನ ಮಾತು ಅಂದ ಕೂಡಲೇ ಹಿಂದಿನ ಸಾಲಿನವರು ಮೊಬೈಲ್ ತೆಗೆಯುತ್ತಾರೆ. ಅದಕ್ಕೇ ಮೊದಲು ಒಂದು ಚೀಟಿಯ ಕಥೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬ ತಾಯಿ ನನ್ನ ಆಫೀಸಿಗೆ ಬಂದರು. ಮಗಳ ಕಾಲೇಜು ಫೀಸಿಗೆ ಸರ ಅಡವಿಟ್ಟಿದ್ದರು. ಹತ್ತು ತಿಂಗಳಾದ ಮೇಲೆ ಅಸಲು, ಬಡ್ಡಿ ಎರಡೂ ಕಟ್ಟಿ ಬಿಡಿಸಿಕೊಂಡರು. ಮನೆಗೆ ಬಂದು ಕೈಯಲ್ಲಿ ಹಿಡಿದರೆ ಸರ ಯಾಕೋ ಹಗುರ. ಅಕ್ಕಸಾಲಿಗರ ಹತ್ತಿರ ತೂಗಿಸಿದರೆ ಎರಡು ಗ್ರಾಂ ಕಮ್ಮಿ. ಅಂಗಡಿಯವರು "ನೀವು ಕೊಟ್ಟಿದ್ದೇ ಇಷ್ಟು" ಅಂದುಬಿಟ್ಟರು. ಚೀಟಿಯನ್ನು ಅವರೇ ವಾಪಸ್ ತೆಗೆದುಕೊಂಡಿದ್ದರು. ಪುಣ್ಯಕ್ಕೆ ಮಗಳು ಅದರ ಫೋಟೊ ಇಟ್ಟಿದ್ದಳು. ಆಸೆಯಿಂದ ನೋಡಿದೆ. "ಚಿನ್ನದ ಸರ - 1, ರೂ. 30,000" ಅಂತ ಬರೆದಿತ್ತು. ತೂಕ ಇಲ್ಲ. ಬಡ್ಡಿ ದರ ಬರೆಯುವ ಜಾಗ ಖಾಲಿ. ಕೆಳಗೆ ಆ ತಾಯಿಯ ಸಹಿ ಮಾತ್ರ ಅಚ್ಚುಕಟ್ಟಾಗಿತ್ತು.

ಆ ಕೇಸಿನಲ್ಲಿ ನನ್ನಿಂದ ಏನೂ ಮಾಡಲಾಗಲಿಲ್ಲ. ಇವತ್ತು ಬಂದು ನಿಂತಿರುವುದು ಅದಕ್ಕೇ.

ಗಿರವಿ ಅಂಗಡಿ ಅಂದರೆ ನಮಗೆ ನೆನಪಾಗುವುದು ತಕ್ಕಡಿ, ತಿಜೋರಿ, ಬಡ್ಡಿ. ಕಾನೂನಿಗೆ ಮುಖ್ಯವಾಗಿ ಬೇಕಾಗಿರುವುದು ಅಲ್ಲಿನ ಪುಸ್ತಕ. ನಮ್ಮಲ್ಲಿ 1961ರ ಗಿರವಿದಾರರ ಅಧಿನಿಯಮ ಇದೆ. ರಾಜ್ಯಕ್ಕೆ ಆಗ ಮೈಸೂರು ಅಂತಲೇ ಹೆಸರು. ಇದನ್ನು ನೋಡಿಕೊಳ್ಳುವುದು ಸಹಕಾರ ಇಲಾಖೆ. ಪೊಲೀಸರು ಲೈಸೆನ್ಸ್ ಕೊಡುತ್ತಾರೆ ಅಂತ ತುಂಬ ಜನ ಅಂದುಕೊಂಡಿದ್ದಾರೆ, ಹಾಗಲ್ಲ. ಲೈಸೆನ್ಸ್ ಇಲ್ಲದೆ ಈ ವ್ಯಾಪಾರ ಮಾಡುವಂತಿಲ್ಲ. ಭದ್ರತಾ ಠೇವಣಿ ಇಡಬೇಕು. ಅಡವಿನ ಪುಸ್ತಕ ಬರೆಯಬೇಕು, ಅಡವಿಟ್ಟವರಿಗೆ ಚೀಟಿ ಕೊಡಬೇಕು. ಅಂದಹಾಗೆ, ಆ ಠೇವಣಿಗೆ ಸರ್ಕಾರ ಬಡ್ಡಿ ಕೊಡಬೇಕೋ ಬೇಡವೋ ಅನ್ನುವ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2018ರಲ್ಲಿ ತೀರ್ಪಾಯಿತು. ಬಡ್ಡಿಯಿಂದಲೇ ಬದುಕುವವರು ತಮ್ಮ ದುಡ್ಡಿನ ಬಡ್ಡಿ ಬಿಡುತ್ತಾರಾ?

ಇದಕ್ಕಿಂತ ಹಳೆಯದು 1872ರ ಕರಾರು ಕಾಯ್ದೆ, ಅಂದರೆ ಕಾಂಟ್ರಾಕ್ಟ್ ಆ್ಯಕ್ಟ್. ಅದರ 176 ಮತ್ತು 177ನೇ ಕಲಂಗಳನ್ನು ಒಡವೆ ಅಡವಿಡುವ ಪ್ರತಿಯೊಬ್ಬರೂ ತಿಳಿದಿರಬೇಕು. ಸಾಲ ತೀರಿಸದಿದ್ದರೆ ಅಂಗಡಿಯವರು ವಸ್ತು ಮಾರಬಹುದು, ಆದರೆ ಮೊದಲು ನೋಟಿಸ್ ಕೊಡಬೇಕು. ಮಾರಿದಾಗ ಬಾಕಿಗಿಂತ ಜಾಸ್ತಿ ಬಂದರೆ ಮಿಕ್ಕ ದುಡ್ಡು ನಿಮ್ಮದು. ಕಮ್ಮಿ ಬಂದರೆ ಉಳಿದದ್ದನ್ನು ನೀವೇ ಕಟ್ಟಬೇಕು. ಗಡುವು ಮೀರಿದರೂ, ಮಾರಾಟ ಆಗುವ ಕ್ಷಣದವರೆಗೂ ಬಿಡಿಸಿಕೊಳ್ಳುವ ಹಕ್ಕು ಇದೆ. "ಒಡವೆ ಮುಳುಗಿ ಹೋಯ್ತು" ಅಂತ ನಮ್ಮ ಜನ ಸುಮ್ನೆ ಎದ್ದು ಬರುತ್ತಾರೆ. ಯಾವತ್ತು ಮುಳುಗಿತು, ಎಷ್ಟಕ್ಕೆ ಮಾರಿದಿರಿ, ಮಿಕ್ಕಿದ್ದೆಷ್ಟು ಅಂತ ಕೇಳುವವರೇ ಇಲ್ಲ. 1966ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿತು. ಅಡವಿಟ್ಟ ವಸ್ತುವನ್ನು ವಾಪಸ್ ಕೊಡಲಾಗದವನು ಸಾಲದ ದುಡ್ಡೂ ಬೇಕು ಅಂತ ಕೋರ್ಟಿಗೆ ಬರುವಂತಿಲ್ಲ.

ಈಗ ಬಡ್ಡಿಗೆ ಬರೋಣ. ಇಲ್ಲೇ ಪುಸ್ತಕ ಕೆಡುವುದು.

ಲೈಸೆನ್ಸ್ ಇರುವವರು ವಸ್ತು ಇಟ್ಟುಕೊಂಡು ಕೊಡುವ ಸಾಲಕ್ಕೆ ವರ್ಷಕ್ಕೆ ಶೇಕಡ 14 ದಾಟುವಂತಿಲ್ಲ ಅನ್ನುವುದು ನಮ್ಮ ರಾಜ್ಯದ ಲೆಕ್ಕ. ಬೀದಿಯಲ್ಲಿ ನಡೆಯುವ ಮಾತೇ ಬೇರೆ. "ನೂರಕ್ಕೆ ಎರಡು ರೂಪಾಯಿ" ಅನ್ನುತ್ತಾರೆ, ಅದು ತಿಂಗಳಿಗೆ. ವರ್ಷಕ್ಕೆ 24 ಆಯಿತು. ಮೂರು ರೂಪಾಯಿ ಅಂದರೆ 36. ಆ ತಾಯಿಯ 30,000 ರೂಪಾಯಿಗೆ ಹತ್ತು ತಿಂಗಳಿಗೆ ಕಾನೂನಿನ ಪ್ರಕಾರ 3,500 ಬಡ್ಡಿ. ಎರಡು ರೂಪಾಯಿ ಲೆಕ್ಕದಲ್ಲಿ 6,000. ಅವರು ಕಟ್ಟಿದ್ದು 6,000.

ಅಂಗಡಿಯವನು ಈ 6,000ವನ್ನು ಪುಸ್ತಕದಲ್ಲಿ ಬರೆಯುತ್ತಾನಾ? ಬರೆದರೆ ಸಿಕ್ಕಿಬೀಳುತ್ತಾನೆ. ಅದಕ್ಕೇ ಆ ಜಾಗ ಖಾಲಿ ಬಿಡುತ್ತಾನೆ. ಇಲ್ಲಾ ಕೊಟ್ಟಿದ್ದಕ್ಕಿಂತ ಜಾಸ್ತಿ ಅಸಲು ಬರೆಯುತ್ತಾನೆ. ಇಲ್ಲಾ ಎರಡು ಪುಸ್ತಕ ಇಡುತ್ತಾನೆ, ಒಂದು ಇಲಾಖೆಗೆ, ಒಂದು ತನಗೆ. ಬಡ್ಡಿಯ ಒಂದು ಸುಳ್ಳಿಗೋಸ್ಕರ ಪುಸ್ತಕವೇ ಸುಳ್ಳಾಗುತ್ತದೆ. ತೂಕ, ತಾರೀಖು, ವಿಳಾಸ, ಯಾವುದನ್ನೂ ನಂಬುವ ಹಾಗಿಲ್ಲ. ಬಡ್ಡಿಗೆ ಮಿತಿ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಮಿತಿ ಹಾಕಿ ಸುಮ್ಮನಾದರೆ ಏನಾಗುತ್ತದೆ ಅನ್ನುವುದಕ್ಕೆ ಆ ಚೀಟಿಯೇ ಸಾಕ್ಷಿ.

ಇದರ ತದ್ವಿರುದ್ಧ ಅಮೆರಿಕದ ಫ್ಲಾರಿಡಾ. ಅಲ್ಲಿನ ಗಿರವಿ ಅಂಗಡಿಗಳು 30 ದಿನಕ್ಕೆ ಶೇಕಡ 25ರವರೆಗೆ ವಸೂಲಿ ಮಾಡಬಹುದು. ವರ್ಷಕ್ಕಲ್ಲ, 30 ದಿನಕ್ಕೆ! ಅರವತ್ತು ದಿನದಲ್ಲಿ ಬಿಡಿಸದಿದ್ದರೆ ವಸ್ತು ಅಂಗಡಿಯದೇ. ಹರಾಜೂ ಇಲ್ಲ, ಮಿಕ್ಕ ದುಡ್ಡೂ ಇಲ್ಲ. ನಮ್ಮ ಕರಾರು ಕಾಯ್ದೆಯ ಮುಂದೆ ಇದು ಅನ್ಯಾಯ ಅನ್ನಿಸುತ್ತದೆ, ಅಲ್ವಾ? ಆದರೆ ಪುಸ್ತಕದ ವಿಷಯದಲ್ಲಿ ಅವರು ಭಾರಿ ಬಿಗಿ. ವಸ್ತುವಿನ ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಬಣ್ಣ, ಅದರ ಮೇಲೆ ಕೆತ್ತಿದ ಅಕ್ಷರ, ಎಲ್ಲ ಒಂದು ಫಾರಂನಲ್ಲಿ ಬರೆಯಬೇಕು. ತಂದವರ ಗುರುತಿನ ಚೀಟಿ ನೋಡಬೇಕು, ಹೆಬ್ಬೆರಳಿನ ಗುರುತು ತೆಗೆದುಕೊಳ್ಳಬೇಕು. ಇದು ನನ್ನದೇ ವಸ್ತು ಅಂತ ತಂದವರು ಸಹಿ ಹಾಕಬೇಕು. ಆ ಫಾರಂ ದಿನದಿನವೂ ಪೊಲೀಸರಿಗೆ ಹೋಗುತ್ತದೆ. ಅಂಗಡಿಯವರು ವಸ್ತುವನ್ನು ಅಡವಿಗಲ್ಲದೆ ಖರೀದಿಗೇ ತೆಗೆದುಕೊಂಡರೆ 30 ದಿನ ಮಾರುವಂತಿಲ್ಲ. ಕಳೆದುಕೊಂಡವರು ಹುಡುಕಿಕೊಂಡು ಬರಲು ಅಷ್ಟು ಸಮಯ. ಸೆಕೆಂಡ್ ಹ್ಯಾಂಡ್ ಸಾಮಾನು ಕೊಳ್ಳುವ ಅಂಗಡಿಗಳಿಗೂ ಅಲ್ಲಿ ಇಂಥದ್ದೇ ಪ್ರತ್ಯೇಕ ಕಾನೂನು ಇದೆ.

ಕಳವಿನ ವಿಷಯ ನಮ್ಮಲ್ಲೂ ಚಿಕ್ಕದಲ್ಲ. ಕಳ್ಳ ಸಿಕ್ಕಿ "ಇಂಥ ಅಂಗಡಿಯಲ್ಲಿ ಇಟ್ಟೆ" ಅಂದರೆ ಪೊಲೀಸರು ರಿಕವರಿಗೆ ಬರುತ್ತಾರೆ. ಒಡವೆ ಜಪ್ತಿಯಾಗುತ್ತದೆ, ಅಂಗಡಿಯವನು ಕೊಟ್ಟ ಸಾಲ ಹೋಗುತ್ತದೆ. ಕಳವಿನದು ಅಂತ ಗೊತ್ತಿದ್ದೂ ತೆಗೆದುಕೊಂಡಿದ್ದರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು. ಹಳೆಯ ದಂಡ ಸಂಹಿತೆಯ (ಐಪಿಸಿ) 411 ಅಂದರೆ ವಕೀಲರಿಗೆ ಬೇಗ ಗೊತ್ತಾಗುತ್ತದೆ. ಆ ಹೊತ್ತಿನಲ್ಲಿ "ನನಗೆ ಗೊತ್ತಿರಲಿಲ್ಲ ಸಾರ್" ಅನ್ನುವ ಮಾತಿಗೆ ಬೆಲೆ ಬರಬೇಕಾದರೆ ತಂದವನ ಹೆಸರು, ವಿಳಾಸ, ಆಧಾರ್ ಪ್ರತಿ, ತಾರೀಖು ಪುಸ್ತಕದಲ್ಲಿ ಇರಬೇಕು. ಸಭೆಯಲ್ಲಿ ಅಂಗಡಿಯವರೂ ಇದ್ದೀರಿ. ಪುಸ್ತಕ ಇಲಾಖೆಯ ಕಾಟ ಅಂತ ಬಯ್ಯುತ್ತೀರಿ. ಆ ದಿನ ನಿಮ್ಮನ್ನು ಕಾಪಾಡುವುದು ಅದೊಂದೇ.

ಹಳೆ ಸಾಮಾನಿನ ವ್ಯಾಪಾರದಲ್ಲಿ ನಾವು ಚೆನ್ನಾಗಿ ಬರೆಯಲು ಕಲಿತಿರುವುದು ಗಾಡಿಗಳ ವಿಷಯದಲ್ಲಿ. 2022ರ ಡಿಸೆಂಬರ್‌ನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂದು, 2023ರ ಏಪ್ರಿಲ್‌ನಿಂದ ಜಾರಿಯಾಯಿತು. ಹಳೆ ಗಾಡಿ ಡೀಲರುಗಳು ಆರ್‌ಟಿಒದಲ್ಲಿ ನೋಂದಣಿ ಮಾಡಿಸಬೇಕು. ನೀವು ಗಾಡಿ ಒಪ್ಪಿಸಿದ್ದನ್ನು ಆನ್‌ಲೈನ್‌ನಲ್ಲಿ ತಿಳಿಸಿದ ಮೇಲೆ ಅದರ ಹೊಣೆ ಡೀಲರನದು. ಮಾರಾಟವಾಗುವವರೆಗೆ ಗಾಡಿ ಹೊರಗೆ ಹೋದರೆ ಯಾಕೆ ಹೋಯಿತು, ಯಾರು ಓಡಿಸಿದರು, ಎಷ್ಟು ಕಿಲೋಮೀಟರ್ ಅಂತ ದಾಖಲೆ ಇಡಬೇಕು. ಮೊದಲೆಲ್ಲ ಮಾರಿ ಎರಡು ವರ್ಷವಾದ ಗಾಡಿಯ ದಂಡದ ನೋಟಿಸ್ ಹಳೆ ಮಾಲೀಕನ ಮನೆಗೇ ಬರುತ್ತಿತ್ತು. ಮೊಬೈಲಿಗೆ 2023ರ ಮೇನಿಂದ ದೇಶಕ್ಕೆಲ್ಲ ಒಂದೇ ಐಎಂಇಐ ದಾಖಲೆ ಬಂದಿದೆ; ಐಎಂಇಐ ಅಂದರೆ ಪ್ರತಿ ಫೋನಿನ ಗುರುತಿನ ನಂಬರ್. ಹಳೆ ಫೋನ್ ಕೊಳ್ಳುವ ಮುಂಚೆ ಸ್ಟಾರ್ ಹ್ಯಾಷ್ 06 ಹ್ಯಾಷ್ ಒತ್ತಿ ಹದಿನೈದು ಅಂಕಿ ನೋಡಿ, ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಪರೀಕ್ಷಿಸಿ. ಎರಡು ನಿಮಿಷದ ಕೆಲಸ.

ಇನ್ನೊಂದು ಗೊಂದಲ ಬಿಡಿಸಿಬಿಡುತ್ತೇನೆ. ನಿಮ್ಮ ಬೀದಿಯಲ್ಲಿ ಎ.ಸಿ. ಹಾಕಿದ ಚಿನ್ನದ ಸಾಲದ ಕಂಪನಿ ಇದೆ, ಪಕ್ಕದಲ್ಲೇ ಹಳೆಯ ಸೇಟು ಅಂಗಡಿ. ಎರಡಕ್ಕೂ ಒಂದೇ ಕಾನೂನಲ್ಲ. ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿರುವ ಕಂಪನಿಗಳಿಗೆ ರಾಜ್ಯಗಳ ಲೇವಾದೇವಿ ಕಾನೂನು ಅನ್ವಯಿಸುವುದಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವರಿಗೆ 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊಸ ನಿಯಮ ಹೊರಡಿಸಿತು. ಪೂರ್ತಿ ದುಡ್ಡು ಕಟ್ಟಿದ ಏಳು ಕೆಲಸದ ದಿನದೊಳಗೆ ಒಡವೆ ವಾಪಸ್ ಕೊಡಬೇಕು. ತಮ್ಮ ತಪ್ಪಿನಿಂದ ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಸೇಟು ಅಂಗಡಿಯಲ್ಲಿ ಹೋಗಿ ಈ 5,000 ಕೇಳಬೇಡಿ, ಸಿಗುವುದಿಲ್ಲ.

ಅಡವಿಡಲು ಹೋದಾಗ ಏನು ಮಾಡಬೇಕು ಅಂತ ಕೇಳುತ್ತೀರಿ. ಗೋಡೆಯ ಮೇಲೆ ಲೈಸೆನ್ಸ್ ಇದೆಯಾ ನೋಡಿ. ನಿಮ್ಮ ಕಣ್ಣೆದುರೇ ತೂಗಿಸಿ. ಕಲ್ಲು ಸೇರಿ ಎಷ್ಟು, ಬರೀ ಚಿನ್ನ ಎಷ್ಟು, ಎರಡನ್ನೂ ಬರೆಸಿ. ಬಡ್ಡಿ ದರದ ಜಾಗ ಖಾಲಿ ಇದ್ದರೆ ಸಹಿ ಹಾಕಬೇಡಿ. ತಕ್ಕಡಿಯ ಮೇಲೆ ಒಡವೆ ಇರುವಾಗಲೇ, ತೂಕದ ಅಂಕಿ ಕಾಣುವ ಹಾಗೆ ಒಂದು ಫೋಟೊ ತೆಗೆಯಿರಿ. ಸಂಕೋಚ ಆಗುತ್ತದೆ, ಗೊತ್ತು. ದುಡ್ಡಿನ ಅವಸರದಲ್ಲಿ ಹೋದವರಿಗೆ ಬಾಯಿ ಬರುವುದಿಲ್ಲ. ಆ ತಾಯಿಯೂ ಅದನ್ನೇ ಹೇಳಿದ್ದು: "ಕೇಳಿದರೆ ದುಡ್ಡು ಕೊಡಲ್ಲ ಅಂದುಬಿಟ್ಟರೆ ಅಂತ ಭಯ ಆಯ್ತು ಸಾರ್." ಅದಕ್ಕೆ ನನ್ನ ಹತ್ತಿರ ಆವತ್ತೂ ಉತ್ತರ ಇರಲಿಲ್ಲ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ ಅಂತ ಈಗ ಹೇಳುತ್ತೇನೆ. ಅಡವಿಡುವವರು ಒಬ್ಬರು, ಚೀಟಿ ಓದುವವರು ಇನ್ನೊಬ್ಬರು.

ಮನೆಯಿಂದ ಚೀಟಿ ತಂದವರು ಇದ್ದರೆ ಕಾಫಿ ಆದ ಮೇಲೆ ಈ ಮೇಜಿನ ಹತ್ತಿರ ಬನ್ನಿ. ಒಟ್ಟಿಗೆ ಕೂತು ಓದೋಣ.